ಫರ್ಮ್‌ವೇರ್ ಎಚ್ಚರಿಕೆ ಕಂಡು ಗಾಬರಿಯಾದ ಹೊಸಬರಿಗೆ ನಾನು ಹೇಳಿಕೊಡುವ ಕ್ರಮ

ಲಿನಕ್ಸ್ ಹಾಕಿಕೊಂಡ ಮೊದಲ ವಾರ ಹೊಸಬರು ಕಳಿಸುವ ಸ್ಕ್ರೀನ್‌ಶಾಟ್ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಅಪ್‌ಡೇಟ್ ಮುಗಿಯುವ ಹೊತ್ತಿಗೆ ಟರ್ಮಿನಲ್ ತುಂಬ ‘ಪಾಸಿಬಲ್ ಮಿಸ್ಸಿಂಗ್ ಫರ್ಮ್‌ವೇರ್’ ಎಂಬ ಸಾಲುಗಳು, ಕೆಳಗೆ ‘ಏನಾದ್ರೂ ಹಾಳಾಯ್ತಾ?’ ಎಂಬ ಪ್ರಶ್ನೆ. ಫರ್ಮ್‌ವೇರ್ ಎಂದರೆ ವೈಫೈ, ಗ್ರಾಫಿಕ್ಸ್‌ನಂಥ ಚಿಪ್‌ಗಳ ಒಳಗೆ ಓಡುವ ಪುಟ್ಟ ಪ್ರೋಗ್ರಾಮ್. ಸಾಮಾನ್ಯವಾಗಿ ಏನೂ ಹಾಳಾಗಿರುವುದಿಲ್ಲ. ಹಾಗಂತ ‘ಬಿಟ್ಟಾಕಿ’ ಎಂದು ಹೇಳಿ ಕೈತೊಳೆದುಕೊಳ್ಳುವುದೂ ಸರಿಯಲ್ಲ. ಆ ಸಾಲುಗಳ ನಡುವೆ ನಿಜವಾಗಿ ಬೇಕಾದ ಫೈಲ್ ಒಂದು ಅಡಗಿರಬಹುದು. ಡೆಬಿಯನ್, ಉಬುಂಟು, ಮಿಂಟ್ ಯಂತ್ರಗಳಲ್ಲಿ ನಾನು ನೋಡುವ ಕ್ರಮ ಇದು. ಕಮಾಂಡ್‌ಗಳನ್ನು ಉಚ್ಚಾರದಂತೆ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್‌ನ ಸಣ್ಣಕ್ಷರ ಬಳಸಿ.

ಮೊದಲು ತಿಳಿಯಬೇಕಾದದ್ದು, ಈ ಎಚ್ಚರಿಕೆ ಕೊಡುತ್ತಿರುವವರು ಯಾರು ಎಂಬುದು. ಕರ್ನಲ್ (ಲಿನಕ್ಸ್‌ನ ತಿರುಳು) ಬದಲಾದಾಗಲೆಲ್ಲ ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಸ್ಕ್ರಿಪ್ಟ್ ಬೂಟ್‌ಗೆ ಬೇಕಾದ ಪುಟ್ಟ ಫೈಲ್ ಒಂದನ್ನು ಹೊಸದಾಗಿ ಕಟ್ಟುತ್ತದೆ. ಅದರೊಳಗೆ ಹೋಗುವ ಪ್ರತಿ ಡ್ರೈವರ್ ತನಗೆ ಬೇಕಾಗಬಹುದಾದ ಫರ್ಮ್‌ವೇರ್‌ಗಳ ಪಟ್ಟಿಯನ್ನು ಹೊತ್ತೇ ಬಂದಿರುತ್ತದೆ. ಇಂಟೆಲ್ ಗ್ರಾಫಿಕ್ಸ್‌ನ ಐ915 ಡ್ರೈವರ್ ಹಲವು ತಲೆಮಾರಿನ ಚಿಪ್‌ಗಳಿಗೆ ಒಂದೇ ಆದ್ದರಿಂದ ಅದರ ಪಟ್ಟಿ ಉದ್ದ. ಸ್ಕ್ರಿಪ್ಟ್ ಆ ಪಟ್ಟಿಯನ್ನು /ಲಿಬ್/ಫರ್ಮ್‌ವೇರ್ ಫೋಲ್ಡರ್ ಜೊತೆ ತಾಳೆ ಹಾಕಿ ಇಲ್ಲದ್ದನ್ನೆಲ್ಲ ಒದರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿರುವ ಚಿಪ್ ಯಾವುದು ಎಂದು ಅದು ವಿಚಾರಿಸುವುದೇ ಇಲ್ಲ.

ಹಾಗಾಗಿ ಆ ವಿಚಾರಣೆ ನಾವೇ ಮಾಡಬೇಕು. ‘ಎಲ್‌ಎಸ್‌ಪಿಸಿಐ -ಎನ್‌ಎನ್‌ಕೆ’ ಕೊಟ್ಟರೆ ಪ್ರತಿ ಸಾಧನದ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರುತ್ತದೆ. ಎಚ್ಚರಿಕೆಯಲ್ಲಿ ಹೆಸರಿಸಿದ ಡ್ರೈವರ್ ಅಲ್ಲೆಲ್ಲೂ ಕಾಣದಿದ್ದರೆ ಸಾಮಾನ್ಯವಾಗಿ ವಿಷಯ ಅಲ್ಲಿಗೆ ಮುಗಿಯಿತು. ಕಂಡರೆ ರೀಬೂಟ್ ಮಾಡಿ ‘ಸುಡೊ ಜರ್ನಲ್‌ಸಿಟಿಎಲ್ -ಕೆ -ಬಿ’ ಔಟ್‌ಪುಟ್‌ನಲ್ಲಿ ಫರ್ಮ್‌ವೇರ್ ಎಂಬ ಪದ ಹುಡುಕಿ. ಇಲ್ಲಿ ಮಾತಾಡುವುದು ಕರ್ನಲ್ಲೇ. ಕೈಯಲ್ಲಿರುವ ಹಾರ್ಡ್‌ವೇರ್ ನೋಡಿಯೇ ಅದು ಹೇಳುವುದರಿಂದ ಇದರ ತೂಕ ಬೇರೆ.

ಇಲ್ಲೂ ಒಂದೇ ಸಾಲು ಓದಿ ನಿಲ್ಲಿಸಬಾರದು. ‘ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫೇಲ್ಡ್ ವಿತ್ ಎರರ್ -2’ ಎಂದರೆ ಫೈಲ್ ಸಿಗಲಿಲ್ಲ ಎಂದಷ್ಟೇ ಅರ್ಥ. ಇಂಟೆಲ್ ವೈಫೈನ ಐಡಬ್ಲ್ಯುಎಲ್‌ವೈಫೈ ಡ್ರೈವರ್ ತನಗೆ ಗೊತ್ತಿರುವ ಅತಿ ಹೊಸ ಆವೃತ್ತಿಯಿಂದ ಹುಡುಕಲು ಶುರುಮಾಡಿ ಒಂದೊಂದೇ ಮೆಟ್ಟಿಲು ಇಳಿಯುತ್ತದೆ. ಫೈಲ್ ಹೆಸರಿನ ಕೊನೆಯ ಅಂಕಿ 77, 76, 75 ಎಂದು ಇಳಿಯುತ್ತ ಪ್ರತಿಸಲ -2 ಬರುತ್ತದೆ, ಆಮೇಲೆ ‘ಲೋಡೆಡ್ ಫರ್ಮ್‌ವೇರ್ ವರ್ಶನ್’ ಎಂಬ ಸಾಲು. ಆ ಸಾಲು ಬಂತೆಂದರೆ ವೈಫೈಗೆ ಬೇಕಾದ ಫೈಲ್ ಸಿಕ್ಕಿದೆ, ಮೇಲಿನದೆಲ್ಲ ಹುಡುಕಾಟದ ಸದ್ದು. ‘ಯೊಯೊ’ ಎಂದು ಮುಗಿಯುವ ಫೈಲ್ ಇಲ್ಲವೆಂದು ದೂರಿದರೆ ತಲೆಕೆಡಿಸಿಕೊಳ್ಳಬೇಡಿ. ಅದು ಡೀಬಗ್ ಮಾಡುವವರಿಗೆ. ‘ರೆಗ್ಯುಲೇಟರಿ.ಡಿಬಿ’ ಸಿಗಲಿಲ್ಲ ಎಂದಿದ್ದರೆ ಮಾತ್ರ ವೈರ್‌ಲೆಸ್-ರೆಗ್‌ಡಿಬಿ ಪ್ಯಾಕೇಜ್ ಹಾಕಿ.

ನಿಜಕ್ಕೂ ಫೈಲ್ ಇಲ್ಲದಿದ್ದರೆ? ಉಬುಂಟು, ಮಿಂಟ್‌ನಲ್ಲಿ ಲಿನಕ್ಸ್-ಫರ್ಮ್‌ವೇರ್ ಎಂಬ ಒಂದೇ ದೊಡ್ಡ ಪ್ಯಾಕೇಜ್, ಅದನ್ನು ಅಪ್‌ಡೇಟ್ ಮಾಡಿದರೆ ಸಾಕು. ಡೆಬಿಯನ್‌ನಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. 2023ರಲ್ಲಿ ಬಂದ ಡೆಬಿಯನ್ 12ರಿಂದ ಫರ್ಮ್‌ವೇರ್‌ಗೆ ‘ನಾನ್-ಫ್ರೀ-ಫರ್ಮ್‌ವೇರ್’ ಎಂಬ ಪ್ರತ್ಯೇಕ ವಿಭಾಗವಿದೆ. 11ರಿಂದ ಮೇಲೇರಿದ ಯಂತ್ರಗಳಲ್ಲಿ ಸೋರ್ಸಸ್ ಪಟ್ಟಿ (ಪ್ಯಾಕೇಜ್‌ಗಳು ಎಲ್ಲಿಂದ ಬರಬೇಕೆಂದು ಹೇಳುವ ಫೈಲ್) ಹಳೆಯ ‘ನಾನ್-ಫ್ರೀ’ಯಲ್ಲೇ ನಿಂತಿರಬಹುದು, ಆಗ ಫರ್ಮ್‌ವೇರ್ ಅಪ್‌ಡೇಟ್ ನಿಂತುಹೋಗಿರುತ್ತದೆ. ವಿಭಾಗ ಸೇರಿಸಿ ‘ಆಪ್ಟ್ ಅಪ್‌ಡೇಟ್’ ಮಾಡಿ, ಆಮೇಲೆ ಚಿಪ್‌ಗೆ ತಕ್ಕ ಪ್ಯಾಕೇಜ್: ರಿಯಲ್‌ಟೆಕ್ ಆದರೆ ಫರ್ಮ್‌ವೇರ್-ರಿಯಲ್‌ಟೆಕ್, ಇಂಟೆಲ್ ವೈಫೈ ಆದರೆ ಫರ್ಮ್‌ವೇರ್-ಐಡಬ್ಲ್ಯುಎಲ್‌ವೈಫೈ, ಎಎಂಡಿ ಗ್ರಾಫಿಕ್ಸ್ ಆದರೆ ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್. ಇಂಟೆಲ್ ಗ್ರಾಫಿಕ್ಸ್‌ನದು ಡೆಬಿಯನ್ 12ರಲ್ಲಿ ಫರ್ಮ್‌ವೇರ್-ಮಿಸ್ಕ್-ನಾನ್‌ಫ್ರೀ ಒಳಗಿತ್ತು, 13ರಲ್ಲಿ ಫರ್ಮ್‌ವೇರ್-ಇಂಟೆಲ್-ಗ್ರಾಫಿಕ್ಸ್ ಎಂದು ಬೇರೆಯಾಗಿದೆ. ವೈಫೈಯೇ ಇಲ್ಲದೆ ವೈಫೈ ಫರ್ಮ್‌ವೇರ್ ಇಳಿಸುವುದು ಹೇಗೆ ಎಂದು ಕೇಳುವವರಿಗೆ: ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇದಕ್ಕೆ ಹೆಚ್ಚುವರಿ ಫರ್ಮ್‌ವೇರ್ ಬೇಕಿಲ್ಲ.

ಇಂಟರ್‌ನೆಟ್‌ನಲ್ಲಿ ಸಿಗುವ ಎರಡು ಸಲಹೆಗಳನ್ನು ನಾನು ಒಪ್ಪುವುದಿಲ್ಲ. ಒಂದು, ಅದೇ ಹೆಸರಿನ ಖಾಲಿ ಫೈಲ್ ಸೃಷ್ಟಿಸಿ ಎಚ್ಚರಿಕೆಯ ಬಾಯಿ ಮುಚ್ಚಿಸುವುದು. ಮುಂದೊಂದು ದಿನ ಆ ಫೈಲ್ ಬೇಕಾದಾಗ ಡ್ರೈವರ್‌ಗೆ ಅದು ಸಿಕ್ಕರೂ ಲೋಡ್ ಆಗುವುದಿಲ್ಲ. ಕಾರಣ ಹುಡುಕುವವರಿಗೆ ಸುಳಿವೂ ಉಳಿದಿರುವುದಿಲ್ಲ. ಇನ್ನೊಂದು, ಬಿಡಿ ಫೈಲ್ ಇಳಿಸಿ ಕೈಯಾರೆ ಫೋಲ್ಡರ್‌ಗೆ ಹಾಕುವುದು. ಪ್ಯಾಕೇಜ್ ಮ್ಯಾನೇಜರ್‌ಗೆ ಅದರ ಲೆಕ್ಕವೇ ಇರುವುದಿಲ್ಲ. ಬ್ಯಾಕ್‌ಪೋರ್ಟ್ಸ್‌ನಿಂದ (ಡೆಬಿಯನ್‌ನ ಸ್ಥಿರ ಆವೃತ್ತಿಗೆ ಹೊಸ ಪ್ಯಾಕೇಜ್ ಕೊಡುವ ವಿಭಾಗ) ಹೊಸ ಕರ್ನಲ್ ತಂದಿದ್ದರೆ ಫರ್ಮ್‌ವೇರನ್ನೂ ಅಲ್ಲಿಂದಲೇ ತನ್ನಿ, ಎಷ್ಟೋ ಎಚ್ಚರಿಕೆ ಅಲ್ಲೇ ಇಳಿಯುತ್ತದೆ.

‘ಎಸಿಪಿಐ ಬಯಾಸ್ ಎರರ್’ ಸಾಲುಗಳು ಹೆಚ್ಚಾಗಿ ಲ್ಯಾಪ್‌ಟಾಪ್ ತಯಾರಕರು ಬಯಾಸ್‌ನ (ಯಂತ್ರ ಆನ್ ಆದಾಗ ಮೊದಲು ಓಡುವ ಫರ್ಮ್‌ವೇರ್) ಕೋಷ್ಟಕದಲ್ಲಿ ಬಿಟ್ಟ ತಪ್ಪುಗಳು. ಸಸ್ಪೆಂಡ್, ಬ್ಯಾಟರಿ, ಟಚ್‌ಪ್ಯಾಡ್ ಸರಿ ಇದ್ದರೆ ಮುಟ್ಟಲು ಹೋಗಬೇಡಿ. ಮೈಕ್ರೋಕೋಡ್ (ಪ್ರೊಸೆಸರ್‌ನ ಒಳಗಿನ ಫರ್ಮ್‌ವೇರ್) ಬಗ್ಗೆ ಬರುವ ಎಚ್ಚರಿಕೆ ಮಾತ್ರ ಅಸಡ್ಡೆ ಮಾಡುವಂಥದ್ದಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಬಯಲಾದ ಮೇಲೆ ಪ್ರೊಸೆಸರ್‌ನ ಇಂಥ ಹಲವು ದೋಷಗಳ ತಡೆಗೆ ಮೈಕ್ರೋಕೋಡ್ ಬೇಕೇ ಬೇಕು. ಇಂಟೆಲ್-ಮೈಕ್ರೋಕೋಡ್ ಅಥವಾ ಎಎಂಡಿ64-ಮೈಕ್ರೋಕೋಡ್ ಪ್ಯಾಕೇಜ್ ಹಾಕಿ ರೀಬೂಟ್ ಮಾಡಿ, /ಸಿಸ್/ಡಿವೈಸಸ್/ಸಿಸ್ಟಮ್/ಸಿಪಿಯು/ವಲ್ನರಬಿಲಿಟೀಸ್ ಫೋಲ್ಡರ್‌ನ ಫೈಲ್‌ಗಳನ್ನು ಓದಿ. ಯಾವುದರಲ್ಲಾದರೂ ‘ನೋ ಮೈಕ್ರೋಕೋಡ್’ ಎಂದು ಉಳಿದಿದ್ದರೆ ಹೊಸ ಬಯಾಸ್ ಬಂದಿದೆಯೇ ನೋಡಬೇಕು. ವರ್ಚುವಲ್ ಯಂತ್ರದ ಒಳಗೆ ಕುಳಿತು ಇದನ್ನು ಸರಿಪಡಿಸಲಾಗದು, ಹೋಸ್ಟ್‌ನಲ್ಲೇ ಮಾಡಬೇಕು.

ಬಯಾಸ್ ಅಪ್‌ಡೇಟ್ ಮಾಡಲು ಎಫ್‌ಡಬ್ಲ್ಯುಯುಪಿಡಿ ಎಂಬ ಸಲಕರಣೆ ಇದೆ. ‘ಎಫ್‌ಡಬ್ಲ್ಯುಯುಪಿಡಿಎಂಜಿಆರ್’ ಕಮಾಂಡ್‌ಗೆ ರಿಫ್ರೆಶ್, ಗೆಟ್-ಅಪ್‌ಡೇಟ್ಸ್, ಅಪ್‌ಡೇಟ್ ಎಂದು ಸರದಿಯಲ್ಲಿ ಕೊಡಿ. ಚಾರ್ಜರ್ ಸಿಕ್ಕಿಸಿರಲಿ. ವಿಂಡೋಸ್ ಕೂಡ ಇರುವ ಯಂತ್ರದಲ್ಲಿ ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀ ಕೈಯಲ್ಲಿಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ: ಫರ್ಮ್‌ವೇರ್ ಬದಲಾದರೆ ಟಿಪಿಎಂ ಎಂಬ ಭದ್ರತಾ ಚಿಪ್ ಅಳೆಯುವ ಮೌಲ್ಯ ಬದಲಾಗುತ್ತದೆ, ವಿಂಡೋಸ್ 48 ಅಂಕಿಯ ಕೀ ಕೇಳಿ ಕೂತುಬಿಡುತ್ತದೆ. ಪಟ್ಟಿಯಲ್ಲಿ ‘ಯುಇಎಫ್‌ಐ ಡಿಬಿಎಕ್ಸ್’ ಕಂಡರೆ, ಮೊದಲು ಸಿಸ್ಟಮ್ ಪೂರ್ತಿ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿ, ಆಮೇಲಷ್ಟೇ ಅದನ್ನು ಹಾಕಿ. ಡಿಬಿಎಕ್ಸ್ ಎಂದರೆ ನಿಷೇಧಿತ ಬೂಟ್‌ಲೋಡರ್‌ಗಳ ಪಟ್ಟಿ. ನಿಮ್ಮ ಹಳೆಯ ಶಿಮ್ (ಲಿನಕ್ಸ್‌ನ ಮೊದಲ ಬೂಟ್‌ಲೋಡರ್) ಅದರಲ್ಲಿದ್ದರೆ ಸೆಕ್ಯೂರ್ ಬೂಟ್ (ಸಹಿ ಇರುವುದನ್ನಷ್ಟೇ ಬೂಟ್ ಆಗಲು ಬಿಡುವ ಕಾವಲು) ಅದನ್ನು ಒಳಗೇ ಬಿಡುವುದಿಲ್ಲ.

ಸುರಕ್ಷತೆಯಲ್ಲೂ ನನ್ನ ಮೊದಲ ಹೆಜ್ಜೆ ಅದೇ, ಯಂತ್ರದಲ್ಲಿ ಏನಿದೆ ಎಂದು ನೋಡುವುದು. ‘ಸುಡೊ ಎಸ್‌ಎಸ್ -ಟಿಯುಎಲ್‌ಪಿಎನ್’ ಕೊಟ್ಟರೆ ಯಾವ ಪ್ರೋಗ್ರಾಮ್ ಯಾವ ಪೋರ್ಟ್‌ನಲ್ಲಿ ಕಿವಿಗೊಟ್ಟು ಕೂತಿದೆ ಎಂದು ಗೊತ್ತಾಗುತ್ತದೆ. ವಿಳಾಸದ ಕಾಲಂ ನೋಡಿ. 127.0.0.1:631 ಎಂದಿದ್ದರೆ ಅದು ಪ್ರಿಂಟರ್ ಸೇವೆ, ಹೊರಗಿನವರಿಗೆ ತೆರೆದಿಲ್ಲ. 127.0.0.53 ಸಿಸ್ಟಮ್‌ಡಿಯ ಡಿಎನ್‌ಎಸ್, ಅದೂ ಒಳಗಿನದೇ. 0.0.0.0:22 ಎಂದಿದ್ದರೆ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ಸೇವೆ) ಎಲ್ಲರಿಗೂ ತೆರೆದಿದೆ. ಬೇಡದಿದ್ದರೆ ‘ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಎಸ್‌ಎಸ್‌ಎಚ್’ ಮಾಡಿ, ಉಬುಂಟುವಿನ ಹೊಸ ಆವೃತ್ತಿಗಳಲ್ಲಿ ಎಸ್‌ಎಸ್‌ಎಚ್.ಸಾಕೆಟ್ ಅನ್ನೂ ನಿಲ್ಲಿಸಿ. ಇಲ್ಲವಾದರೆ ಮುಚ್ಚಿದ ಬಾಗಿಲು ಮೊದಲ ಸಂಪರ್ಕಕ್ಕೇ ತೆರೆದುಕೊಳ್ಳುತ್ತದೆ.

ನಂತರ ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್. ‘ಸುಡೊ ಯುಎಫ್‌ಡಬ್ಲ್ಯು’ ಮುಂದೆ ಸರದಿಯಲ್ಲಿ ಕೊಡಿ: ‘ಡಿಫಾಲ್ಟ್ ಡಿನೈ ಇನ್‌ಕಮಿಂಗ್’, ‘ಡಿಫಾಲ್ಟ್ ಅಲೌ ಔಟ್‌ಗೋಯಿಂಗ್’, ‘ಎನೇಬಲ್’. ದೂರದ ಯಂತ್ರಕ್ಕೆ ಎಸ್‌ಎಸ್‌ಎಚ್‌ನಲ್ಲೇ ಹೋಗಿದ್ದರೆ ಎನೇಬಲ್‌ಗೂ ಮೊದಲು ‘ಲಿಮಿಟ್ ಎಸ್‌ಎಸ್‌ಎಚ್’ ಸೇರಿಸಿ, ಇಲ್ಲದಿದ್ದರೆ ನಿಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತೀರಿ. ಲಿಮಿಟ್ ಇದ್ದರೆ ಒಂದೇ ವಿಳಾಸದಿಂದ 30 ಸೆಕೆಂಡಿನಲ್ಲಿ 6 ಸಲ ಬಾಗಿಲು ತಟ್ಟಿದವರಿಗೆ ತಡೆ. ಡಾಕರ್ (ಪ್ರೋಗ್ರಾಮ್‌ಗಳನ್ನು ಪ್ರತ್ಯೇಕ ಕಂಟೇನರ್‌ಗಳಲ್ಲಿ ಓಡಿಸುವ ಸಲಕರಣೆ) ಬಳಸುವವರು ಒಂದು ಮಾತು ನೆನಪಿಡಿ: ಡಾಕರ್ ಪ್ರಕಟಿಸಿದ ಪೋರ್ಟ್ ಯುಎಫ್‌ಡಬ್ಲ್ಯುವನ್ನು ದಾಟಿಕೊಂಡು ಹೋಗುತ್ತದೆ. ಸ್ಟೇಟಸ್‌ನಲ್ಲಿ ಡಿನೈ ಎಂದೇ ಕಾಣುತ್ತದೆ, ಬಾಗಿಲು ಮಾತ್ರ ತೆರೆದಿರುತ್ತದೆ. ಪೋರ್ಟ್ ಮುಂದೆ 127.0.0.1 ಎಂದು ಸೇರಿಸಿ ಪ್ರಕಟಿಸಿದರೆ ಈ ತೊಂದರೆ ಇಲ್ಲ.

ಸ್ವಯಂ ಅಪ್‌ಡೇಟ್‌ಗೆ ಅನ್‌ಅಟೆಂಡೆಡ್-ಅಪ್‌ಗ್ರೇಡ್ಸ್ ಸಾಕು. ಉಬುಂಟುವಿನಲ್ಲಿ ಮೊದಲೇ ಇರುತ್ತದೆ. ಕರ್ನಲ್ ಅಪ್‌ಡೇಟ್ ಬಂದ ಮೇಲೆ ರೀಬೂಟ್ ಮಾಡುವವರೆಗೂ ಓಡುತ್ತಿರುವುದು ಹಳೆಯದೇ. ಡೆಬಿಯನ್ ಹಾಕುವಾಗ ರೂಟ್ ಪಾಸ್‌ವರ್ಡ್ ಕೊಟ್ಟಿದ್ದರೆ ಮಾಮೂಲಿ ಬಳಕೆದಾರರಿಗೆ ಸುಡೊ (ರೂಟ್ ಅಧಿಕಾರದಲ್ಲಿ ಕಮಾಂಡ್ ಕೊಡುವ ಸೌಲಭ್ಯ) ಸಿಗುವುದಿಲ್ಲ. ‘ಎಸ್‌ಯು -’ ಮೂಲಕ ರೂಟ್ ಆಗಿ (ಆ ಅಡ್ಡಗೆರೆ ಬಿಟ್ಟರೆ ‘ಕಮಾಂಡ್ ನಾಟ್ ಫೌಂಡ್’ ಬರಬಹುದು), ‘ಆಡ್‌ಯೂಸರ್’ ಮುಂದೆ ನಿಮ್ಮ ಬಳಕೆದಾರ ಹೆಸರು, ಆಮೇಲೆ ‘ಸುಡೊ’ ಎಂದು ಕೊಟ್ಟು, ಲಾಗೌಟ್ ಮಾಡಿ ಮತ್ತೆ ಒಳಗೆ ಬನ್ನಿ.

ಸೆಕ್ಯೂರ್ ಬೂಟ್ ಆರಿಸಿಬಿಡಿ ಎಂಬ ಸಲಹೆಯ ಮೂಲ ಹೆಚ್ಚಾಗಿ ಎನ್‌ವಿಡಿಯಾ ಅಥವಾ ವರ್ಚುವಲ್‌ಬಾಕ್ಸ್ ಮಾಡ್ಯೂಲ್. ಲೋಡ್ ಮಾಡಲು ಹೋದರೆ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎನ್ನುತ್ತದೆ. ಡ್ರೈವರ್ ಹಾಕುವಾಗ ಅದು ಒಂದು ಪಾಸ್‌ವರ್ಡ್ ಕೇಳಿರುತ್ತದೆ, ಮುಂದಿನ ಬೂಟ್‌ನಲ್ಲಿ ನೀಲಿ ಪರದೆ ಬರುತ್ತದೆ. 10 ಸೆಕೆಂಡಿನೊಳಗೆ ಯಾವುದಾದರೂ ಕೀ ಒತ್ತಿ, ‘ಎನ್‌ರೋಲ್ ಎಂಒಕೆ’ (ಎಂಒಕೆ ಎಂದರೆ ಯಂತ್ರದ ಮಾಲೀಕರ ಕೀ) ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ನೀಲಿ ಪರದೆ ಕಂಡು ಹೆದರಿ ಸುಮ್ಮನೆ ಕೂತರೆ ಅದು ತಾನಾಗಿ ಮುಂದೆ ಹೋಗುತ್ತದೆ, ಇನ್ನೊಮ್ಮೆ ಬರುವುದಿಲ್ಲ. ಆಗ ‘ಸುಡೊ ಎಂಒಕೆಯುಟಿಲ್ --ಇಂಪೋರ್ಟ್’ ಕೊಟ್ಟು ಅದೇ ಕೀಯನ್ನು ಮತ್ತೆ ಸರದಿಗೆ ಹಾಕಿ ರೀಬೂಟ್ ಮಾಡಿ. ಉಬುಂಟುವಿನಲ್ಲಿ ಆ ಕೀ /ವಾರ್/ಲಿಬ್/ಶಿಮ್-ಸೈನ್ಡ್/ಎಂಒಕೆ ಫೋಲ್ಡರ್‌ನಲ್ಲಿರುತ್ತದೆ, ಫೋಲ್ಡರ್ ಹೆಸರಿನ ಕೊನೆಯ ಈ ಭಾಗ ಸಣ್ಣಕ್ಷರದಲ್ಲೇ, ಒಳಗಿನ ಫೈಲ್ ‘ಎಂಒಕೆ.ಡಿಇಆರ್’ ಹೆಸರಿನಲ್ಲಿ ಎಂಒಕೆ ಮಾತ್ರ ದೊಡ್ಡಕ್ಷರದಲ್ಲಿ. ಇಂಪೋರ್ಟ್ ಮುಂದೆ ಆ ಫೈಲ್‌ನ ಪೂರ್ತಿ ಹೆಸರು ಕೊಡಿ.