ಮೇಕೆ ಲಿವರ್, ಐಸ್ ಡಬ್ಬಿ ಮತ್ತು ಮೈಟೋಕಾಂಡ್ರಿಯಾ

ಜೀವಕೋಶ ಹೇಗೆ ಸಾಯುತ್ತದೆ ಅಂತ ಬೋರ್ಡ್ ಮೇಲೆ ಚಿತ್ರ ಬಿಡಿಸಿ ಹೇಳುವುದು ಸುಲಭ. ಮಾಡಿ ತೋರಿಸಬೇಕು ಅಂದರೆ ಸೆಲ್ ಕಲ್ಚರ್ (ಲ್ಯಾಬ್‌ನಲ್ಲಿ ಕೋಶ ಬೆಳೆಸುವುದು) ಬೇಕು, ಅದಕ್ಕೆ ದುಡ್ಡು ಬೇಕು. ಹಾಸನದಲ್ಲಿ ಎಂ.ಎಸ್ಸಿ. ಹುಡುಗರಿಗೆ ಪ್ರಾಜೆಕ್ಟ್ ಮಾಡಿಸುವ ನಾನು ಹಿಡಿದಿದ್ದು ಮೇಕೆ ಲಿವರ್ ದಾರಿ. ಅಲ್ಲಿ ಒಂದೊಂದು ಕೋಶದಲ್ಲೂ ಸಾವಿರಕ್ಕೆ ಕಡಿಮೆ ಇಲ್ಲದಷ್ಟು ಮೈಟೋಕಾಂಡ್ರಿಯಾ, ಅಂದರೆ ಕೋಶಕ್ಕೆ ಶಕ್ತಿ ತಯಾರಿಸುವ ಪುಟ್ಟ ಭಾಗಗಳು, ಇರುತ್ತವೆ. ಕೋಶದ ಸಾವಿನಲ್ಲಿ ಇವುಗಳ ಪಾತ್ರ ದೊಡ್ಡದು, ಹಾಗಾಗಿ ಇವನ್ನೇ ಹೊರತೆಗೆದು ಕೆಡಿಸಿ ನೋಡುತ್ತೇವೆ.

ಮಟನ್ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿಡುತ್ತೇನೆ. ಸೋಮವಾರ, ಶನಿವಾರ ನಮ್ಮ ಕಡೆ ಮಾಂಸ ಮುಟ್ಟದವರು ಜಾಸ್ತಿ, ಕುಯ್ಯುವುದೂ ಕಡಿಮೆ. ಭಾನುವಾರದ ಕ್ಯೂ ಬೇಡವೇ ಬೇಡ. ಹಾಗಾಗಿ ಬುಧವಾರ ಬೆಳಿಗ್ಗೆ. ಕುಯ್ದ ಕೂಡಲೇ ತುಂಡು ನಮ್ಮ ಡಬ್ಬಿಗೆ ಬೀಳಬೇಕು. ಡಬ್ಬಿಯೊಳಗೆ 0.25 ಮೋಲಾರ್ ಸುಕ್ರೋಸ್ (ಸಕ್ಕರೆ) ದ್ರಾವಣ, ಸುತ್ತ ಐಸ್. ಫ್ರೀಜರ್‌ನಲ್ಲಿಟ್ಟ ಲಿವರ್ ಸುಮ್ನೆ ದಂಡ. ಮಂಜಿನ ಹರಳು ಪೊರೆಗಳನ್ನು ಆಗಲೇ ಹರಿದಿರುತ್ತದೆ.

ಲ್ಯಾಬ್‌ಗೆ ಬಂದ ಮೇಲೆ ಸಣ್ಣಗೆ ಕತ್ತರಿಸಿ, ರಕ್ತದ ಕೆಂಪು ಹೋಗುವವರೆಗೆ ಅದೇ ತಣ್ಣನೆ ದ್ರಾವಣದಲ್ಲಿ ತೊಳೆಯುತ್ತೇವೆ. ಆಮೇಲೆ ಗಾಜಿನ ಹೋಮೋಜಿನೈಸರ್‌ನಲ್ಲಿ ನಿಧಾನಕ್ಕೆ ಅರೆಯುವುದು. ಮಿಕ್ಸಿ ಆಗಲ್ವಾ ಅಂತ ಪ್ರತಿ ಬ್ಯಾಚ್‌ನಲ್ಲೂ ಒಬ್ಬರು ಕೇಳುತ್ತಾರೆ. ಆಗಲ್ಲ, ಕೋಶದ ಜೊತೆ ಮೈಟೋಕಾಂಡ್ರಿಯಾವೂ ಚೂರಾಗುತ್ತದೆ. ಮೊದಲು ಸೆಂಟ್ರಿಫ್ಯೂಜ್‌ನಲ್ಲಿ 600 ಜಿ (ಭೂಮಿಯ ಸೆಳೆತದ 600 ಪಟ್ಟು) ಬಲದಲ್ಲಿ ತಿರುಗಿಸಿದರೆ ನ್ಯೂಕ್ಲಿಯಸ್, ಒಡೆಯದ ಕೋಶಗಳು ತಳಕ್ಕೆ ಕೂರುತ್ತವೆ. ಮೇಲಿನದ್ದನ್ನು ಇನ್ನೊಂದು ಟ್ಯೂಬಿಗೆ ಬಗ್ಗಿಸಿ 10,000 ಜಿ. ಎಲ್ಲವೂ 4 ಡಿಗ್ರಿಯಲ್ಲಿ. ಮಳೆಗಾಲದಲ್ಲಿ ಕರೆಂಟ್ ಯಾವಾಗ ಕೈಕೊಡುತ್ತದೋ ಗೊತ್ತಿಲ್ಲ, ಐಸ್ ಬಕೆಟ್ ಪಕ್ಕದಲ್ಲೇ ಇರಲಿ.

ತಳದಲ್ಲಿ ಸಿಗುವ ಗುಳಿಗೆ ನೋಡುವುದೇ ಒಂದು ಕೆಲಸ. ಹಾಲು ಬೆರೆಸಿದ ಕಾಫಿ ಬಣ್ಣದ ಪದರ ನಮಗೆ ಬೇಕಾದದ್ದು. ಅದರ ಮೇಲೆ ಬೆಳ್ಳಗೆ ಸಡಿಲವಾಗಿ ತೇಲಾಡುವ ಪದರ ಹಾಳಾದ ಮೈಟೋಕಾಂಡ್ರಿಯಾ, ಅದನ್ನು ಮೆಲ್ಲಗೆ ತೊಳೆದು ಚೆಲ್ಲಬೇಕು. ಅಡಿಯಲ್ಲಿ ಕೆಂಪು ಚುಕ್ಕೆ ಇದ್ದರೆ ರಕ್ತಕಣ, ಅದನ್ನು ಕಲಕಬಾರದು. ಕೊನೆಯ ತೊಳೆತದ ದ್ರಾವಣದಲ್ಲಿ ಇಜಿಟಿಎ ಅನ್ನುವ ರಾಸಾಯನಿಕ ಇರಬಾರದು. ಇದ್ದರೆ ಮುಂದೆ ಹಾಕುವ ಕ್ಯಾಲ್ಸಿಯಂ ಅನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ.

ಇನ್ನು ಕುವೆಟ್‌ಗೆ, ಅಂದರೆ ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾರದರ್ಶಕ ಪಾತ್ರೆಗೆ. ಫಾಸ್ಫೇಟ್ ಇರುವ ದ್ರಾವಣದಲ್ಲಿ ಮೈಟೋಕಾಂಡ್ರಿಯಾ ಕಲಸಿ, ಇಂಧನವಾಗಿ ಸಕ್ಸಿನೇಟ್ ಕೊಟ್ಟು, 540 ನ್ಯಾನೋಮೀಟರ್ ಬೆಳಕಿನಲ್ಲಿ ದ್ರಾವಣ ಎಷ್ಟು ಮಬ್ಬಾಗಿದೆ ಅಂತ ತೋರಿಸುವ ಗೆರೆ ನೋಡುತ್ತೇವೆ. ಗೆರೆ ನೆಟ್ಟಗೆ ಹೋಗುತ್ತಿರುತ್ತದೆ. ಕ್ಯಾಲ್ಸಿಯಂ ಹಾಕಿದ ಮೇಲೂ ಸ್ವಲ್ಪ ಹೊತ್ತು ಏನೂ ಆಗಲ್ಲ. ಒಳಪೊರೆಯ ಆಚೀಚೆ ಇರುವ ಸುಮಾರು 150–180 ಮಿಲಿವೋಲ್ಟ್ ಸೆಳೆತಕ್ಕೆ ಕ್ಯಾಲ್ಸಿಯಂ ಒಳಗೆ ನುಗ್ಗುತ್ತಿರುತ್ತದೆ, ಅಷ್ಟೇ. ಮಿತಿ ದಾಟಿತೋ, ಪೊರೆಯಲ್ಲಿ ರಂಧ್ರ ತೆರೆದು ನೀರು ಒಳಗೆ ಹೋಗಿ ಮೈಟೋಕಾಂಡ್ರಿಯಾ ಊದುತ್ತದೆ, ಮಬ್ಬು ಕಡಿಮೆಯಾಗಿ ಗೆರೆ ಧಪ್ ಅಂತ ಇಳಿಯುತ್ತದೆ. ಕಿಡ್ನಿ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಅನ್ನು ಮೊದಲೇ ಹಾಕಿದರೆ, ಅಷ್ಟೇ ಕ್ಯಾಲ್ಸಿಯಂಗೆ ಗೆರೆ ಬೀಳದೆ ತಡೆದುಕೊಳ್ಳುತ್ತದೆ. ಈ ಎರಡು ಗೆರೆ ಪಕ್ಕಪಕ್ಕ ಬಂದ ದಿನ ಹುಡುಗರ ಮುಖ ನೋಡಬೇಕು. ಆ ರಂಧ್ರ ಯಾವ ಪ್ರೋಟೀನಿನದು ಅನ್ನುವ ಜಗಳ ಇನ್ನೂ ಮುಗಿದಿಲ್ಲ.

ಒಂದು ವಿಷಯದಲ್ಲಿ ನಾನು ಕಟ್ಟುನಿಟ್ಟು. ರಿಪೋರ್ಟ್‌ನಲ್ಲಿ ಇದನ್ನು ಅಪೊಪ್ಟೋಸಿಸ್ (ಕೋಶ ತಾನೇ ಕ್ರಮವಾಗಿ ಸಾಯುವುದು) ಅಂತ ಬರೆಯಲು ಬಿಡುವುದಿಲ್ಲ. ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಸಿ ಪ್ರೋಟೀನು ಹೊರಬಿದ್ದರೆ ಕ್ಯಾಸ್ಪೇಸ್‌ಗಳು (ಕೋಶವನ್ನು ಒಳಗಿಂದಲೇ ಕತ್ತರಿಸುವ ಕಿಣ್ವಗಳು) ಚುರುಕಾಗುತ್ತವೆ ಅಂತ 1996ರಲ್ಲಿ ವಿಜ್ಞಾನಿ ಶಿಯಾವೋಡಾಂಗ್ ವಾಂಗ್ ತಂಡ ತೋರಿಸಿತು, ನಿಜ. ಆದರೆ ಅಪೊಪ್ಟೋಸಿಸ್‌ನಲ್ಲಿ ಸಾಮಾನ್ಯವಾಗಿ ಬ್ಯಾಕ್ಸ್, ಬ್ಯಾಕ್ ಪ್ರೋಟೀನುಗಳು ಹೊರಪೊರೆಯನ್ನು ತೂತು ಮಾಡುತ್ತವೆ. ನಾವು ನೋಡಿದ್ದು ಊತ, ಅದು ನೆಕ್ರೋಸಿಸ್‌ಗೇ (ಕೋಶ ಊದಿ ಒಡೆದು ಸಾಯುವುದಕ್ಕೇ) ಹತ್ತಿರ. ಸೈಟೋಕ್ರೋಮ್ ಸಿ ಹೊರಗೆ ಬಂದಿದೆಯಾ ಅಂತ ನೋಡಲು ವೆಸ್ಟರ್ನ್ ಬ್ಲಾಟ್ (ಆಂಟಿಬಾಡಿ ಬಳಸಿ ಪ್ರೋಟೀನು ಗುರುತಿಸುವ ಪರೀಕ್ಷೆ) ಮಾಡಬೇಕು. ಆಂಟಿಬಾಡಿ ಬೆಲೆ ಕೇಳಿದ ಮೇಲೆ ಅದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡಿದ್ದೇವೆ.