ತಂದ ದಿನದ ಒಂದು ಗಂಟೆ: ಹಣ್ಣು-ತರಕಾರಿ ಏಳು ದಿನ ತಾಜಾ ಉಳಿದದ್ದು ಹೀಗೆ

ವಾರಕ್ಕೊಮ್ಮೆ ತಂದರೆ ಸೊಪ್ಪು ಮೂರನೇ ದಿನಕ್ಕೇ ಲೋಳೆಯಾಗುತ್ತದೆ, ಮೊದಲೇ ಹೆಚ್ಚಿಟ್ಟರೆ ಸತ್ವವೆಲ್ಲ ಹೋಗುತ್ತದೆ, ಎಲ್ಲರೂ ಬೆಳಿಗ್ಗೆ ಹೊರಗೆ ಓಡುವ ಮನೆಯಲ್ಲಿ ಇದು ಆಗುವ ಮಾತಲ್ಲ. ವಾರದ ಹಣ್ಣು-ತರಕಾರಿಯನ್ನು ಒಮ್ಮೆಗೇ ತಂದು ಅಂದೇ ಹದಮಾಡಿ ಇಡುವ ಪದ್ಧತಿ ಹಿಡಿದಾಗ ನನಗೆ ಕೇಳಿಬಂದ ಮಾತುಗಳು ಇವು. ಒಣಗಿಸದೆ ಮುಚ್ಚಿಟ್ಟರೆ ಮೊದಲನೆಯದು ನಿಜವೇ. ಎಲ್ಲವನ್ನೂ ಒಂದೇ ಥರ ಹೆಚ್ಚಿದರೆ ಎರಡನೆಯದೂ ನಿಜ. ಮೂರನೆಯದು ಮಾತ್ರ ಪೂರ್ತಿ ಸುಳ್ಳು. ಈಗ ಒಂದೂವರೆ ವರ್ಷದ ಮೇಲಾಯಿತು, ನಮ್ಮ ಅಡುಗೆಮನೆಯಿಂದ ಕಸಕ್ಕೆ ಹೋಗುವುದು ಸಿಪ್ಪೆ, ತೊಟ್ಟು, ಬೀಜ ಇಷ್ಟೇ. ತರಕಾರಿ ತಂದ ದಿನ ಒಂದು ಗಂಟೆ, ವಾರದ ನಡುವೆ ಹತ್ತು ನಿಮಿಷ. ಇದಕ್ಕಿಂತ ಹೆಚ್ಚು ಹೊತ್ತು ಬೇಡ.

ಲೆಕ್ಕದಿಂದಲೇ ಶುರು ಮಾಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷ ತುಂಬಿದವರಿಗೆಲ್ಲ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು-ತರಕಾರಿ ಬೇಕು ಎನ್ನುತ್ತದೆ. 6ರಿಂದ 9 ವರ್ಷದವರಿಗೆ 350, 2ರಿಂದ 5 ವರ್ಷದವರಿಗೆ 250 ಗ್ರಾಂ. ಆಲೂಗಡ್ಡೆಯಂಥ ಪಿಷ್ಟದ ಗೆಡ್ಡೆಗಳು ಈ ಲೆಕ್ಕಕ್ಕೆ ಸೇರುವುದಿಲ್ಲ. ಇಬ್ಬರು ದೊಡ್ಡವರು, ಎಂಟು ವರ್ಷದ್ದೊಂದು ನಾಲ್ಕು ವರ್ಷದ್ದೊಂದು ಮಗು ಇರುವ ಮನೆಗೆ ದಿನಕ್ಕೆ 1,400 ಗ್ರಾಂ, ವಾರಕ್ಕೆ 9.8 ಕಿಲೋ. ಇದು ಹೊಟ್ಟೆಗೆ ಹೋಗುವ ಭಾಗದ ತೂಕ. ಸಿಪ್ಪೆ, ಬೀಜ ಸೇರಿಸಿದರೆ ತರಬೇಕಾದದ್ದು ಹನ್ನೆರಡು ಹದಿಮೂರು ಕಿಲೋ. ನಾನು ಮೊದಲು ತರುತ್ತಿದ್ದದ್ದು ಹದಿನೈದರ ಹತ್ತಿರ, ತಿಂದು ಮುಗಿಸುತ್ತಿದ್ದದ್ದು ಎಂಟೋ ಒಂಬತ್ತೋ. ಹೆಚ್ಚು ತಂದರೆ ಹೆಚ್ಚು ತಿನ್ನುತ್ತಾರೆ ಎಂಬ ಎಣಿಕೆಯೇ ತಪ್ಪಾಗಿತ್ತು.

ನಾಲ್ಕು ವಾರ ಕಸದ ಬುಟ್ಟಿಯನ್ನು ತಕ್ಕಡಿಗಿಟ್ಟೆ. ಸಿಪ್ಪೆ ಬೇರೆ, ಕೊಳೆತದ್ದು ಬೇರೆ. ಕೊಟ್ಟ ದುಡ್ಡಿನಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಕೊಳೆತದ್ದರ ಬುಟ್ಟಿಯಲ್ಲಿತ್ತು. ತೂಕದ ಲೆಕ್ಕದಲ್ಲಿ ಅಷ್ಟು ಕಾಣುವುದಿಲ್ಲ, ಏಕೆಂದರೆ ಬೇಗ ಕೊಳೆಯುವುದು ಸೊಪ್ಪು, ದ್ರಾಕ್ಷಿ, ಮೆತ್ತನೆ ಹಣ್ಣು. ಇವು ತೂಕದಲ್ಲಿ ಹಗುರ, ಬೆಲೆಯಲ್ಲಿ ಭಾರ. ಅದರಲ್ಲೂ ಅರ್ಧದಷ್ಟು ಬರೀ ಸೊಪ್ಪು ಮತ್ತು ಕೊತ್ತಂಬರಿ. ಆಮೇಲೆ ಸೌತೆಕಾಯಿ, ದ್ರಾಕ್ಷಿ, ಕೊನೆಗೆ ಅರ್ಧ ಬಳಸಿ ಮರೆತ ಎಲೆಕೋಸು, ಕಲ್ಲಂಗಡಿ ಹೋಳು. ನೀವೂ ಒಂದು ತಿಂಗಳು ತೂಗಿ ನೋಡಿ. ಎಲ್ಲಿ ಸೋರುತ್ತಿದೆ ಎಂದು ಗೊತ್ತಾಗದೆ ಡಬ್ಬಿ ಕೊಳ್ಳಲು ಹೋಗಬೇಡಿ.

ಸೊಪ್ಪಿನ ವಿಚಾರಕ್ಕೆ ಬಂದರೆ, ನಾನು ಅತಿ ಹೆಚ್ಚು ಸಲ ಸೋತದ್ದು ಇಲ್ಲೇ. ತೊಳೆಯದೆ ಕಟ್ಟು ಕಟ್ಟಾಗಿಯೇ ಇಟ್ಟರೆ ಒಳಗಿನ ಎಲೆ ಹಳದಿಯಾಗಿ ಕಟ್ಟಿದ ಜಾಗದಲ್ಲೇ ಕೊಳೆಯುತ್ತದೆ. ತೊಳೆದು ನೀರು ಸೋರಿಸಿ ಇಟ್ಟರೆ ಇನ್ನೂ ಬೇಗ, ಎರಡೇ ದಿನ. ಬಟ್ಟೆಯಲ್ಲಿ ಸುಮ್ಮನೆ ಸುತ್ತಿಟ್ಟರೆ ಫ್ರಿಜ್‌ನ ಒಣಗಾಳಿಗೆ ಬಾಡಿ ಜೋತುಬೀಳುತ್ತದೆ. ಸೊಪ್ಪಿಗೆ ಬೇಕಾದದ್ದು ಸುತ್ತ ತೇವದ ಗಾಳಿ, ಮೈಮೇಲೆ ಒಂದು ಹನಿಯೂ ನೀರಿಲ್ಲದಿರುವುದು. ಇದು ತಲೆಗೆ ಹೋದ ಮೇಲೆ ಉಳಿದದ್ದೆಲ್ಲ ಸುಲಭ. ಕಟ್ಟು ಬಿಚ್ಚಿ, ಹಳದಿ ಎಲೆ, ಜಜ್ಜಿಹೋದ ದಂಟು ತೆಗೆದು, ಅಗಲ ಪಾತ್ರೆಯ ತಣ್ಣೀರಿನಲ್ಲಿ ಹದಿನೈದು ನಿಮಿಷ ಮುಳುಗಿಸಿಡಿ. ಬಾಡಿದ್ದ ಸೊಪ್ಪು ನೀರು ಕುಡಿದು ನಿಮಿರಿ ನಿಲ್ಲುತ್ತದೆ, ಮಣ್ಣು ತಳಕ್ಕಿಳಿಯುತ್ತದೆ. ಪಾತ್ರೆ ಬಗ್ಗಿಸಬೇಡಿ, ಸೊಪ್ಪನ್ನು ಮೇಲಿಂದ ಎತ್ತಿ; ಬಗ್ಗಿಸಿದರೆ ಮಣ್ಣು ಮತ್ತೆ ಎಲೆಗೇ ಅಂಟುತ್ತದೆ. ಮೂರು ನೀರು ಆದ ಮೇಲೆ ಜಾಡಿಸಿ, ಹತ್ತಿ ಬಟ್ಟೆಯ ಮೇಲೆ ಒಂದೇ ಪದರವಾಗಿ ಹರಡಿ ಫ್ಯಾನ್ ಕೆಳಗೆ ಇಪ್ಪತ್ತೈದು ನಿಮಿಷ. ಅರ್ಧದಲ್ಲಿ ಒಮ್ಮೆ ಮಗುಚಿ. ಎಲೆಯನ್ನು ಅಂಗೈಗೆ ಒತ್ತಿದಾಗ ತೇವ ಅಂಟಬಾರದು. ಡಬ್ಬಿಯ ತಳಕ್ಕೆ ಒಣಬಟ್ಟೆ, ಸೊಪ್ಪನ್ನು ಸಡಿಲವಾಗಿ ಮುಕ್ಕಾಲು ಭಾಗ, ಮೇಲೆ ಇನ್ನೊಂದು ಬಟ್ಟೆ, ಬಿಗಿ ಮುಚ್ಚಳ. ಮೂರನೇ ದಿನ ಬಟ್ಟೆ ಬದಲಾಯಿಸಬೇಕು. ವಾರದ ನಡುವಿನ ಹತ್ತು ನಿಮಿಷ ಎಂದದ್ದು ಇದನ್ನೇ. ಪಾಲಕ್ ಐದಾರು ದಿನ, ಕೊತ್ತಂಬರಿ ಎಂಟೊಂಬತ್ತು ದಿನ ಬರುತ್ತದೆ. ಕೊತ್ತಂಬರಿ ಹತ್ತನೇ ದಿನಕ್ಕೂ ಹಸಿರಾಗಿರುವಂತೆ ಬಟ್ಟೆಯ ಜೊತೆ ಇನ್ನೊಂದು ಕೆಲಸ ಮಾಡುತ್ತೇನೆ. ಎಲ್ಲ ಋತುವಿನಲ್ಲೂ ಅದು ನಿಲ್ಲುತ್ತದೆಯೇ ಎಂದು ನೋಡಿದ ಮೇಲೆ ಬರೆಯುವೆ.

ಫ್ರಿಜ್‌ನ ಗುಂಡಿಯ ಮೇಲಿನ ಅಂಕಿ ನಂಬಬೇಡಿ. ಒಂದು ಲೋಟ ನೀರಲ್ಲಿ ಥರ್ಮಾಮೀಟರ್ ಇಟ್ಟು ಒಂದು ರಾತ್ರಿ ಬಿಟ್ಟು ನೋಡಿ. ನಡುವಿನ ಅಟ್ಟಣಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ ಸಾಕು. ನಮ್ಮಲ್ಲಿ ಹಿಂಬದಿ ಗೋಡೆಯ ಹತ್ತಿರ ಸೊನ್ನೆಗೂ ಕೆಳಗೆ ಇಳಿಯುತ್ತಿತ್ತು. ಅಲ್ಲಿಟ್ಟ ಸೊಪ್ಪು ಗಾಜಿನಂತೆ ಪಾರದರ್ಶಕವಾಗಿ, ಹೊರಗಿಟ್ಟ ಕೂಡಲೇ ನೀರಾಗುತ್ತಿತ್ತು. ಎಲೆಯೊಳಗೆ ಮಂಜು ಕಟ್ಟಿ ಜೀವಕೋಶ ಒಡೆದದ್ದೇ ಕಾರಣ. ಅದನ್ನು ಕೊಳೆತದ್ದು ಎಂದೇ ತಿಳಿದು ಎಷ್ಟು ಸಲ ಡಬ್ಬಿ ಬದಲಿಸಿದೆನೋ. ತರಕಾರಿ ಡ್ರಾಯರ್‌ಗೆ ಗಾಳಿಕಿಂಡಿಯಿದ್ದರೆ ಸೊಪ್ಪು, ಬೇರು ತರಕಾರಿಯ ಕಡೆ ಮುಚ್ಚಿ, ಸೇಬಿನಂಥ ಹಣ್ಣಿನ ಕಡೆ ತೆರೆದಿಡಿ.

ಫ್ರಿಜ್‌ನ ತಂಪು ಸಹಿಸದವು ಕೆಲವಿವೆ. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಸಿಪ್ಪೆ ಕಪ್ಪಾಗುತ್ತದೆ, ಕಾಯಿಯಾಗಿದ್ದರೆ ಸರಿಯಾಗಿ ಹಣ್ಣಾಗುವುದೂ ಇಲ್ಲ. ಸೌತೆ, ಬದನೆ 10 ಡಿಗ್ರಿಗಿಂತ ತಣ್ಣಗೆ ಎರಡು ಮೂರು ದಿನ ಇದ್ದರೆ ಮೈಮೇಲೆ ಸಣ್ಣ ಗುಳಿ ಬಿದ್ದು ಅಲ್ಲಿಂದಲೇ ಲೋಳೆ ಶುರು. ಇವನ್ನು ಮೊದಲ ಎರಡು ದಿನದಲ್ಲೇ ಮುಗಿಸಿಬಿಡುತ್ತೇನೆ. ಸೆಕೆ ಜೋರಿದ್ದರೆ ಬಟ್ಟೆ ಸುತ್ತಿ ಫ್ರಿಜ್‌ನ ಬಾಗಿಲಲ್ಲಿಡುತ್ತೇನೆ, ಅಲ್ಲಿ ತಂಪು ಕಡಿಮೆ. ಟೊಮೆಟೊ ಪೂರ್ತಿ ಹಣ್ಣಾಗುವವರೆಗೆ ಹೊರಗೇ ಇರಬೇಕು, ತೊಟ್ಟು ಕಿತ್ತ ಗುರುತು ಕೆಳಗೆ ಮಾಡಿ. ತೇವ ಆರಿಹೋಗುವುದೂ ಬೂಷ್ಟು ಒಳಗೆ ಹೋಗುವುದೂ ಆ ಗುರುತಿನಿಂದಲೇ. ಆಲೂಗಡ್ಡೆ ಫ್ರಿಜ್‌ನಲ್ಲಿ ಸಿಹಿಯಾಗುತ್ತದೆ, ಬೆಳಕಿನಲ್ಲಿ ಹಸಿರಾಗಿ ಕಹಿ ವಿಷ ಕಟ್ಟುತ್ತದೆ. ಕತ್ತಲ ಗಾಳಿಯ ಜಾಗ ಬೇಕು. ಈರುಳ್ಳಿಯನ್ನು ಅದರ ಪಕ್ಕ ಇಡಬೇಡಿ.

ಹಣ್ಣನ್ನು ಮಾಗಿಸುವ ಎಥಿಲೀನ್ ಅನಿಲದ ಬಗ್ಗೆ ಕೇಳಿದವರು ಬಹಳ, ಪಾಲಿಸುವವರು ಕಡಿಮೆ. ಸೇಬು, ಪಪ್ಪಾಯಿ, ಹಣ್ಣಾದ ಬಾಳೆ ಇದನ್ನು ಬಿಡುತ್ತವೆ. ಸೊಪ್ಪು, ಹೂಕೋಸು, ಸೌತೆ, ಕ್ಯಾರೆಟ್ ಇದಕ್ಕೆ ಸೊರಗುತ್ತವೆ. ಸೊಪ್ಪು ಹಳದಿಯಾದರೆ ಕಣ್ಣಿಗೆ ಕಾಣುತ್ತದೆ, ಕ್ಯಾರೆಟ್‌ನದ್ದು ಕಾಣುವುದಿಲ್ಲ. ಸೇಬಿನ ಜೊತೆ ಒಂದೇ ಡ್ರಾಯರ್‌ನಲ್ಲಿದ್ದ ಕ್ಯಾರೆಟ್ ನೋಡಲು ಚೆನ್ನಾಗಿಯೇ ಇರುತ್ತದೆ, ಕಚ್ಚಿದರೆ ಕಹಿ. ಮಕ್ಕಳು ಕ್ಯಾರೆಟ್ ಬೇಡ ಎಂದರೆ ಹಟ ಎಂದುಕೊಳ್ಳುವ ಮೊದಲು ಒಂದು ತುಂಡು ನೀವೇ ತಿಂದು ನೋಡಿ. ಸೇಬಿಗೆ ಪ್ರತ್ಯೇಕ ಮುಚ್ಚಿದ ಚೀಲ, ಬೇರೆ ಅಟ್ಟಣಿಗೆ. ಇದೇ ಗುಣವನ್ನು ಉಪಯೋಗಕ್ಕೂ ತೆಗೆದುಕೊಳ್ಳಬಹುದು: ಕಾಯಿ ಟೊಮೆಟೊ ಜೊತೆ ಒಂದು ಮಾಗಿದ ಬಾಳೆಹಣ್ಣು ಹಾಕಿ ಕಾಗದದ ಚೀಲ ಮಡಚಿಟ್ಟರೆ ಬೇಗ ಕೆಂಪಾಗುತ್ತದೆ.

ಇನ್ನು ಮೊದಲೇ ಹೆಚ್ಚಿಡುವ ಮಾತು. ಹೆಚ್ಚಿದರೆ ವಿಟಮಿನ್ ಸಿ ಸ್ವಲ್ಪ ಕಡಿಮೆಯಾಗುವುದು ಹೌದು. ಹೆಚ್ಚದೆ ಬಿಟ್ಟದ್ದು ಪೂರ್ತಿ ಕಸಕ್ಕೆ ಹೋದರೆ ಎಲ್ಲವೂ ಹೋಯಿತಲ್ಲ. ನಾನು ಕಂಡುಕೊಂಡದ್ದು, ಗಟ್ಟಿ ತರಕಾರಿ ಹೆಚ್ಚಿಡಬಹುದು, ಮೆತ್ತನೆಯದನ್ನು ಕೂಡದು. ಕ್ಯಾರೆಟ್, ಬೀಟ್‌ರೂಟ್, ಮೂಲಂಗಿಯ ತಲೆಯ ಸೊಪ್ಪನ್ನು ಬಂದ ಕೂಡಲೇ ಕತ್ತರಿಸಬೇಕು, ಅದು ಗೆಡ್ಡೆಯ ನೀರನ್ನೇ ಹೀರುತ್ತದೆ. ಕ್ಯಾರೆಟ್ ಕಡ್ಡಿಗಳನ್ನು ನೀರು ತುಂಬಿದ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟು ಎರಡು ದಿನಕ್ಕೊಮ್ಮೆ ನೀರು ಬದಲಿಸಿದರೆ ಐದಾರು ದಿನ ಕಟಕಟ ಎನ್ನುತ್ತದೆ. ಎಲೆಕೋಸನ್ನು ಅರ್ಧ ಮಾಡದೆ ಹೊರಗಿನ ಎಲೆ ಒಂದೊಂದೇ ಬಿಡಿಸಿ ಬಳಸಿದರೆ ಮೂರು ವಾರ ತೊಂದರೆಯಿಲ್ಲ. ಬೀನ್ಸ್ ತೊಟ್ಟು ತೆಗೆದಿಡಿ, ತೊಳೆಯಬೇಡಿ, ಹೆಚ್ಚಲೂಬೇಡಿ. ಹೆಚ್ಚಿದ ಕಡೆ ತುಕ್ಕಿನ ಬಣ್ಣ ಹಿಡಿಯುತ್ತದೆ. ಟೊಮೆಟೊ, ಸೌತೆ, ಈರುಳ್ಳಿ ಹೆಚ್ಚಿಟ್ಟು ನೋಡಿದೆ, ಮೂರೂ ಬೇಡ. ಈರುಳ್ಳಿ ವಾಸನೆ ಕಲ್ಲಂಗಡಿಗೂ ಹತ್ತಿತು.

ಕಾಣದ್ದನ್ನು ಯಾರೂ ತಿನ್ನುವುದಿಲ್ಲ, ಸಿಪ್ಪೆ ಸುಲಿಯಬೇಕಾದದ್ದನ್ನು ಹಸಿದ ಮಕ್ಕಳು ಮುಟ್ಟುವುದಿಲ್ಲ. ಆದ್ದರಿಂದ ಫ್ರಿಜ್ ತೆರೆದರೆ ಕಣ್ಣಳತೆಯ ಅಟ್ಟಣಿಗೆಯಲ್ಲಿ ಇರುವುದು ಒಂದೇ: ಬಿಡಿಸಿದ ಹಣ್ಣಿನ ಪಾರದರ್ಶಕ ಡಬ್ಬಿ. ಬಿಡಿಸಿದ ದಾಳಿಂಬೆ ಕಾಳು ನಾಲ್ಕೈದು ದಿನ, ಪಪ್ಪಾಯಿ ಹೋಳು ಎರಡು ಮೂರು ದಿನ, ಕಲ್ಲಂಗಡಿ ಮೂರು ದಿನ. ಕಲ್ಲಂಗಡಿಯ ಹೊರಮೈ ಉಜ್ಜಿ ತೊಳೆದು ಒರೆಸಿಯೇ ಚಾಕು ಹಾಕಿ. ಸಿಪ್ಪೆಯ ಮೇಲಿನ ಕೊಳೆ ಚಾಕುವಿನ ಜೊತೆ ತಿರುಳಿಗೆ ಇಳಿಯುತ್ತದೆ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆ ದಾಟಬಾರದು, ಸೆಕೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ದ್ರಾಕ್ಷಿಯನ್ನು ಮಾತ್ರ ಎರಡು ದಿನಕ್ಕಾಗುವಷ್ಟೇ ತೊಳೆಯಿರಿ. ಅದರ ಮೇಲಿನ ಬಿಳಿ ಪುಡಿಯಂಥ ಮೇಣ ಅದರ ಕಾವಲು, ತೊಳೆದರೆ ಹೋಗುತ್ತದೆ. ಗೊಂಚಲಿನಿಂದ ಕೀಳಲೂಬೇಡಿ, ಕತ್ತರಿಯಿಂದ ಸಣ್ಣ ಗೊಂಚಲಾಗಿ ಬಿಡಿಸಿ. ಈ ಒಂದು ಅಟ್ಟಣಿಗೆಯಿಂದಲೇ ಮನೆಯಲ್ಲಿ ಹಣ್ಣು ತಿನ್ನುವುದು ಇಮ್ಮಡಿಯಾಯಿತು ಎಂದು ಧೈರ್ಯವಾಗಿ ಹೇಳಬಲ್ಲೆ.

ತಿನ್ನುವ ಸರದಿ ಮುಖ್ಯ. ಮೊದಲೆರಡು ದಿನ ಸೌತೆ, ಬದನೆ, ಮೆಂತ್ಯ, ಮೆತ್ತಗಾದ ಹಣ್ಣು. ನಡುವೆ ಬೀನ್ಸ್, ಪಾಲಕ್, ದೊಣ್ಣೆಮೆಣಸು, ಹೂಕೋಸು. ಕೊನೆಗೆ ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್, ಕುಂಬಳ, ಸೇಬು, ಕಿತ್ತಳೆ. ಯಾವ ದಿನ ಯಾವ ಅಡುಗೆ ಎಂಬ ಪಟ್ಟಿ ಹಾಕಿದ್ದೆ, ಎರಡು ವಾರವೂ ನಿಲ್ಲಲಿಲ್ಲ. ಈ ಮೂರು ಗುಂಪು ಮಾತ್ರ ನಿಂತಿದೆ, ಏಕೆಂದರೆ ಯಾರು ಅಡುಗೆಗೆ ನಿಂತರೂ ಮುಂದಿನ ಬುಟ್ಟಿಗೆ ಕೈಹಾಕಿದರೆ ಸಾಕು.

ದುಡ್ಡು ಹಾಳಾದದ್ದು ಹೇಳಿಬಿಡುತ್ತೇನೆ. ಗಾಳಿ ಹೀರುವ ಡಬ್ಬಿಗಳ ಒಂದು ಸೆಟ್, ಎಥಿಲೀನ್ ಹೀರುತ್ತದೆ ಎನ್ನುವ ಪುಟ್ಟ ಪೊಟ್ಟಣಗಳು, ತಾಜಾ ಇಡುವ ಚೀಲಗಳು. ಡಬ್ಬಿಯ ರಬ್ಬರ್ ಆರು ತಿಂಗಳಿಗೆ ಸಡಿಲವಾಯಿತು. ಪೊಟ್ಟಣ ಹಾಕಿದ ಡ್ರಾಯರ್‌ಗೂ ಹಾಕದ್ದಕ್ಕೂ ವ್ಯತ್ಯಾಸ ಕಾಣಲಿಲ್ಲ, ಸೇಬನ್ನು ಬೇರೆ ಇಟ್ಟಾಗ ಮಾತ್ರ ಕಂಡಿತು. ಇವಕ್ಕೆ ಸುರಿದ ದುಡ್ಡಲ್ಲಿ ಮೂರು ವಾರದ ತರಕಾರಿ ಬರುತ್ತಿತ್ತು. ಉಪಯೋಗಕ್ಕೆ ಬಂದದ್ದು ಹಳೆಯ ಪಂಚೆಯಿಂದ ಕತ್ತರಿಸಿದ ಹನ್ನೆರಡು ಬಟ್ಟೆ ತುಂಡು, ಬಿಗಿ ಮುಚ್ಚಳದ ಸಾದಾ ಡಬ್ಬಿ ಎಂಟು, ಒಂದು ಥರ್ಮಾಮೀಟರ್.

ಉಳಿದದ್ದು ಫ್ರೀಜರ್‌ಗೆ, ಆದರೆ ಹಸಿಯಾಗಿ ಅಲ್ಲ. ಹಸಿ ಬೀನ್ಸ್ ಹಾಗೆಯೇ ಹಾಕಿದ್ದು ತಿಂಗಳಲ್ಲಿ ಹುಲ್ಲಿನ ರುಚಿಗೆ ಬಂತು. ತರಕಾರಿಯ ರುಚಿ, ಬಣ್ಣ ಬದಲಿಸುವ ಕಿಣ್ವಗಳು ಚಳಿಯಲ್ಲೂ ನಿಧಾನವಾಗಿ ಕೆಲಸ ಮಾಡುತ್ತಲೇ ಇರುತ್ತವೆ, ಅವನ್ನು ನಿಲ್ಲಿಸಲು ಮೊದಲು ಕುದಿನೀರಲ್ಲಿ ಅದ್ದಬೇಕು. ಅರ್ಧ ಕಿಲೋಗೆ ನಾಲ್ಕು ಲೀಟರ್ ಕುದಿಯುವ ನೀರು, ತರಕಾರಿ ಬಿದ್ದ ಮೇಲೆ ಒಂದು ನಿಮಿಷದೊಳಗೆ ಮತ್ತೆ ಕುದಿ ಬರಬೇಕು. ಬೀನ್ಸ್ ಮೂರು ನಿಮಿಷ, ಕ್ಯಾರೆಟ್ ಹೋಳು ಎರಡು, ಪಾಲಕ್ ಎರಡು, ಬಟಾಣಿ ಒಂದೂವರೆ. ಅಷ್ಟೇ ಹೊತ್ತು ಮಂಜುಗಡ್ಡೆ ನೀರು. ಒರೆಸಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ಗಟ್ಟಿಯಾದ ಮೇಲೆ ಚೀಲಕ್ಕೆ. ಒರೆಸದಿದ್ದರೆ ಕಲ್ಲಿನ ಮುದ್ದೆ, ಒಡೆಯಲು ಸುತ್ತಿಗೆ ಬೇಕು.

ಬಿಡುವಾದಾಗ ಮಾಡಿದ ಪ್ರಯೋಗಗಳಲ್ಲಿ ಮೂರು ಉಳಿದಿವೆ. ಒಂದು ಲೋಟ ನೀರಿಗೆ ಅರ್ಧ ಚಮಚ ಉಪ್ಪು ಕದಡಿ ಸೇಬಿನ ಹೋಳು ಹತ್ತು ನಿಮಿಷ ನೆನೆಸಿ ಬರೀ ನೀರಲ್ಲಿ ತೊಳೆದರೆ ಊಟದ ಡಬ್ಬಿಯಲ್ಲಿ ಮಧ್ಯಾಹ್ನದವರೆಗೂ ಬಿಳಿ. ನಿಂಬೆರಸಕ್ಕಿಂತ ಇದೇ ಮೇಲು, ಹುಳಿ ಹತ್ತುವುದಿಲ್ಲ. ನಿಂಬೆಹಣ್ಣು ಬಿಗಿ ಡಬ್ಬಿಯಲ್ಲಿ ಫ್ರಿಜ್‌ನಲ್ಲಿಟ್ಟದ್ದು ಒಂದು ತಿಂಗಳ ಮೇಲೂ ರಸ ತುಂಬಿತ್ತು, ಹೊರಗಿಟ್ಟದ್ದು ವಾರದಲ್ಲಿ ಮರದ ಚೆಂಡು. ಶುಂಠಿಯನ್ನು ಇಡಿಯಾಗಿ ಫ್ರೀಜರ್‌ಗೆ ಹಾಕಿ ಗಟ್ಟಿಯಾಗಿರುವಾಗಲೇ ತುರಿದರೆ ನಾರು ಸಿಗುವುದಿಲ್ಲ. ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವ ಸಲಹೆ ಅಲ್ಲಲ್ಲಿ ಕೇಳುತ್ತದೆ, ಅದನ್ನು ಮಾಡಲೇಬೇಡಿ. ಗಾಳಿಯಿಲ್ಲದ ಎಣ್ಣೆಯೊಳಗೆ ಬೊಟುಲಿಸಂ ಎಂಬ ಪ್ರಾಣಾಂತಕ ಕಾಯಿಲೆ ತರುವ ವಿಷ ಹುಟ್ಟಬಹುದು, ವಾಸನೆಯಿಂದ ಗೊತ್ತಾಗುವುದಿಲ್ಲ. ಅರೆದು ಸಣ್ಣ ಅಚ್ಚುಗಳಲ್ಲಿ ಫ್ರೀಜರ್‌ಗೆ ಹಾಕಿಕೊಳ್ಳಿ.

ಏಳನೇ ದಿನ ಸಂಜೆ ಡ್ರಾಯರ್‌ನಲ್ಲಿ ಉಳಿಯುವುದು ಎರಡು ಕ್ಯಾರೆಟ್, ಎಲೆಕೋಸಿನ ಗಡ್ಡೆ, ಒಂದೆರಡು ಮೆತ್ತಗಾದ ಟೊಮೆಟೊ, ಕೊತ್ತಂಬರಿ ದಂಟು. ಎಲ್ಲ ಒಟ್ಟಿಗೆ ಬೇಯಿಸಿ ಅರೆದು ಸೂಪ್. ಡ್ರಾಯರ್ ಹೊರಗೆಳೆದು ಸೋಪು ನೀರಲ್ಲಿ ತೊಳೆದು, ಒರೆಸಿ, ಪೂರ್ತಿ ಆರಿದ ಮೇಲೆ ಒಳಗಿಡಿ. ಮೂಲೆಯಲ್ಲಿ ಉಳಿದ ಒಂದು ಕೊಳೆತ ಎಲೆ ಸಾಕು, ಮುಂದಿನ ವಾರದ ಬೂಷ್ಟು ಅಲ್ಲಿಂದಲೇ ಹಬ್ಬುತ್ತದೆ.