ಬಿಗಿದುಹೋದ ಯುಪಿವಿಸಿ ಕಿಟಕಿಯನ್ನು ನಾನೇ ಸರಿಮಾಡಿದ್ದು

ಮಂಗಳೂರಿನಲ್ಲಿ ನಮ್ಮದು ಮೂರನೇ ಮಹಡಿಯ ಮನೆ. ಹಾಲ್‌ನ ಕಿಟಕಿ ಪಶ್ಚಿಮಕ್ಕೆ, ಕಡಲಿನ ಕಡೆಗೆ ಇದೆ. ಜೂನ್ ತಿಂಗಳಲ್ಲಿ ಗಾಳಿಮಳೆ ಹಿಡಿದರೆ ನೀರು ಅಡ್ಡಕ್ಕೆ ಬಂದು ಗಾಜಿಗೆ ಬಡಿಯುತ್ತದೆ. ಕಿಟಕಿ ಹಾಕಿಸಿ ಐದು ವರ್ಷವಾಗಿತ್ತು. ಎರಡು ಗಾಜಿನ ಶಟರ್, ಒಂದು ಸೊಳ್ಳೆ ಪರದೆಯ ಶಟರ್, ಎಲ್ಲವೂ ಸರಿಯುವಂಥವು. ಆ ಮಳೆಗಾಲದ ಹೊತ್ತಿಗೆ ಬಲಗಡೆಯ ಗಾಜನ್ನು ಸರಿಸಲು ಎರಡೂ ಕೈ ಬೇಕಾಗುತ್ತಿತ್ತು. ಹೇಗೋ ಮುಚ್ಚಿದರೂ ಲಾಕ್ ಕೂರುತ್ತಿರಲಿಲ್ಲ. ಒಂದು ರಾತ್ರಿ ಟ್ರ್ಯಾಕ್, ಅಂದರೆ ಶಟರ್ ಸರಿಯುವ ಕಾಲುವೆ, ತುಂಬಿ ನೀರು ಒಳಗೆ ಹರಿಯಿತು. ಅಮ್ಮ ಹಳೆ ಪಂಚೆ ತಂದು ಒತ್ತುತ್ತಿದ್ದರು, ನಾನು ಶಟರನ್ನು ದೂಡುತ್ತಿದ್ದೆ. “ಮಗಾ, ಬಲ ಹಾಕ್ಬೇಡ. ಎಲ್ಲಿಯೋ ಅಡ್ಡ ಸಿಕ್ಕಿದೆ, ಮೊದಲು ಅದನ್ನು ನೋಡು” ಎಂದರು. ಅವರು ಹೇಳಿದ್ದು ಸರಿ ಎಂದು ಮರುದಿನ ಗೊತ್ತಾಯಿತು.

ನಾವು ಬೆಳೆದದ್ದು ಹೆಂಚಿನ ಮನೆಯಲ್ಲಿ, ಹಲಸಿನ ಮರದ ಕಿಟಕಿಗಳ ಜೊತೆ. ಆಟಿ ತಿಂಗಳ ಮಳೆಗೆ ಮರ ನೀರು ಕುಡಿದು ಉಬ್ಬುತ್ತಿತ್ತು, ಬಡಗಿ ಬಂದು ತೋಪಡ ಹಾಕುತ್ತಿದ್ದ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಯುಪಿವಿಸಿ ಎಂದರೆ ಮೆದುಗೊಳಿಸುವ ಪದಾರ್ಥ ಸೇರಿಸದ ಪಿವಿಸಿ. ವಯರಿನ ಮೇಲಿನ ಮೆತ್ತನೆಯ ಹೊದಿಕೆಯೂ ಪಿವಿಸಿಯೇ, ಆದರೆ ಕಿಟಕಿಯದ್ದು ಗಟ್ಟಿ. ಅದು ನೀರು ಕುಡಿಯುವುದಿಲ್ಲ, ಮಳೆಗೆ ಉಬ್ಬುವುದಿಲ್ಲ. ಹಿಗ್ಗುವುದೇನಿದ್ದರೂ ಬಿಸಿಲಿಗೆ. ಹತ್ತು ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.7 ಮಿಲಿಮೀಟರ್ ಹಿಗ್ಗುತ್ತದೆ. ಹಾಗಾಗಿ ಬಿಗಿ ಸಡಿಲ ನೋಡುವ ಕೆಲಸಕ್ಕೆ ಪಡುವಣ ಬಿಸಿಲು ಬಡಿಯುವ ಮಧ್ಯಾಹ್ನ ಕೈ ಹಾಕಬಾರದು. ನಾನು ಬೆಳಗ್ಗೆ ಮಾಡುತ್ತೇನೆ.

ಮಳೆ ಬಿಟ್ಟ ಒಂದು ಭಾನುವಾರ ಶಟರ್ ಇಳಿಸಿದೆವು. ಇದಕ್ಕೆ ಇಬ್ಬರು ಬೇಕೇ ಬೇಕು. 5 ಮಿ.ಮೀ. ಗಾಜು ಚದರ ಮೀಟರಿಗೆ 12.5 ಕೆ.ಜಿ. ತೂಗುತ್ತದೆ. ಮೂರಡಿ ನಾಲ್ಕಡಿಯ ಶಟರ್ ಎಂದರೆ ಗಾಜೇ 14 ಕೆ.ಜಿ. ಹತ್ತಿರ, ಅದರ ಮೇಲೆ ಚೌಕಟ್ಟು, ಚೌಕಟ್ಟಿನೊಳಗಿನ ಕಬ್ಬಿಣದ ಪಟ್ಟಿ. ಮೂರನೇ ಮಹಡಿಯಿಂದ ಹೊರಗೆ ಜಾರಿದರೆ ಕೆಳಗೆ ಯಾರಿರುತ್ತಾರೋ ಹೇಳಲಾಗದು. ಪಕ್ಕದ ಮನೆಯ ಅಣ್ಣನನ್ನು ಕರೆದೆ. ಮೇಲಿನ ಟ್ರ್ಯಾಕ್‌ನಲ್ಲಿ ಶಟರ್ ಎದ್ದು ಬರದಂತೆ ತಡೆಯುವ ಸಣ್ಣ ಪ್ಲಾಸ್ಟಿಕ್ ತುಂಡು ಇರುತ್ತದೆ. ಅದರ ಸ್ಕ್ರೂ ಬಿಚ್ಚಿ, ಶಟರನ್ನು ನಡುವಿಗೆ ತಂದು, ಮೇಲಕ್ಕೆತ್ತಿ, ಬುಡವನ್ನು ಒಳಕ್ಕೆ ಎಳೆದುಕೊಂಡೆವು. ಕೆಳಗೆ ಹಳೆ ಹಾಸಿಗೆ ಹಾಸಿದ್ದೆ.

ಶಟರಿನ ಬುಡದಲ್ಲಿ ಅದನ್ನು ಉರುಳಿಸುವ ಚಕ್ರಗಳಿರುತ್ತವೆ, ಅವೇ ರೋಲರ್. ಅವನ್ನು ನೋಡಿ ಬೇಸರವಾಯಿತು. ಕೂದಲು, ದಾರ, ಪರದೆ ಬಟ್ಟೆಯ ಎಳೆ ಎಲ್ಲ ಸುತ್ತಿಕೊಂಡು ಚಕ್ರ ತಿರುಗುವುದನ್ನೇ ಬಿಟ್ಟಿತ್ತು. ಅದು ಉರುಳದೆ ಉಜ್ಜಿಕೊಂಡು ಹೋಗುತ್ತಿತ್ತು. ಟ್ರ್ಯಾಕ್‌ನಲ್ಲಿ ಕಪ್ಪು ಮೇಣದಂಥ ಕೆಸರು. ಆ ಕೆಸರಿಗೆ ಕಾರಣ ನಾನೇ. ಹಿಂದಿನ ವರ್ಷ ನಯವಾಗಲಿ ಎಂದು ತೆಂಗಿನೆಣ್ಣೆ ಬಿಟ್ಟಿದ್ದೆ. ಎಣ್ಣೆ ಧೂಳನ್ನು ಹಿಡಿದುಕೊಂಡಿತು, ಧೂಳು ರೋಲರನ್ನು ಹಿಡಿಯಿತು. ಇನ್ನೆಂದೂ ಆ ಕೆಲಸ ಮಾಡಿಲ್ಲ, ಮಾಡಬೇಡಿ.

ಕೂದಲನ್ನು ಚಿಮಟದಲ್ಲಿ ಎಳೆದು, ಉಳಿದದ್ದನ್ನು ಬ್ಲೇಡಿನಲ್ಲಿ ಕೊಯ್ದೆ. ಟ್ರ್ಯಾಕ್‌ಗೆ ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರು, ಹಳೆ ಹಲ್ಲುಜ್ಜುವ ಬ್ರಶ್ ಸಾಕಾಯಿತು. ಥಿನ್ನರ್, ಪೆಟ್ರೋಲ್, ಸ್ಟೀಲಿನ ಉಜ್ಜುಗ ಯಾವುದೂ ಬೇಡ. ಬಿಳಿಯ ಮೇಲ್ಮೈ ಒಮ್ಮೆ ಗೀರಿದರೆ ಕೊಳೆ ಅಲ್ಲೇ ಕೂರುತ್ತದೆ.

ಮುಖ್ಯ ವಿಷಯ ಸಿಕ್ಕಿದ್ದು ಟ್ರ್ಯಾಕ್ ತೊಳೆದ ಮೇಲೆ. ಅದರ ತಳದಲ್ಲಿ ಉದ್ದನೆಯ ಸಣ್ಣ ತೂತುಗಳಿದ್ದವು. ಬಿದ್ದ ಮಳೆನೀರು ಆ ತೂತಿನಿಂದ ಚೌಕಟ್ಟಿನ ಒಳಗಿನ ಟೊಳ್ಳು ಕೋಣೆಗೆ ಇಳಿದು, ಹೊರಮುಖದ ಇನ್ನೊಂದು ತೂತಿನಿಂದ ಹೋಗಬೇಕು. ಹೊರಗಿನದ್ದನ್ನು ಕುಂಬಾರ ಹುಳ ಮಣ್ಣು ಮೆತ್ತಿ ಮುಚ್ಚಿಬಿಟ್ಟಿತ್ತು. ಆ ರಾತ್ರಿ ನೀರು ಒಳಗೆ ಬಂದದ್ದು ಇದಕ್ಕೇ. ಹಿಡಿಸೂಡಿಯ ಕಡ್ಡಿ ಹಾಕಿ ಬಿಡಿಸಿದೆ. ಆಮೇಲೆ ಒಂದು ಚೊಂಬು ನೀರು ಟ್ರ್ಯಾಕ್‌ಗೆ ಹೊಯ್ದು ನೋಡಿದೆ, ಹೊರಗೆ ಧಾರೆಯಾಗಿ ಇಳಿಯಿತು. ಮೇ ತಿಂಗಳ ಕೊನೆಗೆ ಈ ಒಂದು ಪರೀಕ್ಷೆಯನ್ನಾದರೂ ಎಲ್ಲರೂ ಮಾಡಬೇಕೆಂದು ನನಗೆ ನಿಜವಾಗಿ ಅನಿಸುತ್ತದೆ. ಪರದೆ ಕಂಬಿಗೋ ಗಿಡದ ಕುಂಡಕ್ಕೋ ಎಂದು ಕೆಳಗಿನ ಚೌಕಟ್ಟಿಗೆ ಡ್ರಿಲ್ ಹೊಡೆಯುವವರಿದ್ದಾರೆ. ಆ ತೂತಿನಿಂದ ನೀರು ಹೋಗಬಾರದ ಕೋಣೆಗೆ ಇಳಿದು ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ.

ಶಟರ್ ಮತ್ತೆ ಕೂರಿಸಿದೆವು. ಬೆರಳಲ್ಲಿ ಸರಿಯಿತು, ಆದರೆ ಲಾಕ್ ಆಗಲೂ ಬೀಳಲಿಲ್ಲ. ಮುಚ್ಚಿ ಗಮನವಿಟ್ಟು ನೋಡಿದರೆ ಬುಡ ಚೌಕಟ್ಟಿಗೆ ತಾಗಿತ್ತು, ತಲೆಯಲ್ಲಿ ಸಂದು. ಶಟರ್ ವಾಲಿದೆ ಎಂದರ್ಥ. ನಮ್ಮ ಶಟರಿನ ಅಂಚಿನ ಪಟ್ಟಿಯಲ್ಲಿ, ಎರಡೂ ಬದಿ ಬುಡದ ಹತ್ತಿರ, ಪ್ಲಾಸ್ಟಿಕ್ ಮುಚ್ಚಳ ಹಾಕಿದ ತೂತಿದೆ. ಒಳಗೆ ರೋಲರಿನ ಸ್ಕ್ರೂ. ಬಲಕ್ಕೆ ತಿರುಗಿಸಿದರೆ ಆ ಬದಿ ಏಳುತ್ತದೆ. ತಲೆಯಲ್ಲಿ ಸಂದು ಇದ್ದರೆ, ಮುಚ್ಚುವ ಬದಿಯದ್ದಲ್ಲ, ಅದರ ಎದುರು ಬದಿಯ ರೋಲರನ್ನು ಎತ್ತಬೇಕು. ಇದು ಮೊದಲು ನನಗೆ ಹೊಳೆಯಲಿಲ್ಲ. ತಪ್ಪು ಬದಿ ತಿರುಗಿಸಿ ಸಂದು ದೊಡ್ಡದಾದ ಮೇಲೆ ಅರ್ಥವಾಯಿತು. ಅಣ್ಣ ಶಟರನ್ನು ತುಸು ಎತ್ತಿ ಹಿಡಿದ, ನಾನು ಅರ್ಧ ಸುತ್ತು ತಿರುಗಿಸಿದೆ, ಮುಚ್ಚಿ ನೋಡಿದೆ, ಮತ್ತೆ ಅರ್ಧ. ಭಾರ ಅದರ ಮೇಲೇ ಇರುವಾಗ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆಯುತ್ತದೆ. ಒಂದೂವರೆ ಸುತ್ತಿಗೆ ಸಂದು ಮಾಯವಾಗಿ ಲಾಕ್ ಟಕ್ಕೆಂದು ಬಿತ್ತು.

ಕೊನೆಗೆ ಸಿಲಿಕಾನ್ ಸ್ಪ್ರೇಯನ್ನು ಬಟ್ಟೆಗೆ ಹೊಡೆದು ಅದರಿಂದ ಟ್ರ್ಯಾಕ್ ಒರೆಸಿದೆ. ನೇರ ಹೊಡೆದರೆ ಟೈಲ್ಸ್ ಮೇಲೆ ಬಿದ್ದು ಮನೆಯ ಹಿರಿಯರು ಜಾರುವ ಅಪಾಯವಿದೆ.

ಮಲಗುವ ಕೋಣೆಯ ಕಿಟಕಿ ಬೇರೆ ಥರದ್ದು, ಹೊರಕ್ಕೆ ತೆರೆಯುವುದು. ಗಾಳಿಗೆ ಡಬ್ ಎಂದು ಬಡಿಯುತ್ತಿತ್ತು. ಮೇಲೂ ಕೆಳಗೂ ಇರುವ ಸ್ಟೀಲಿನ ಕೀಲು, ಅಂದರೆ ಕಿಟಕಿಯನ್ನು ತೆರೆದಲ್ಲೇ ಹಿಡಿದು ನಿಲ್ಲಿಸುವ ಫ್ರಿಕ್ಷನ್ ಹಿಂಜ್‌ನಲ್ಲಿ ಹಿಡಿತದ ಸಣ್ಣ ಸ್ಕ್ರೂ ಇದೆ. ಎರಡನ್ನೂ ಸಮನಾಗಿ ಕಾಲು ಸುತ್ತು ಬಿಗಿ ಮಾಡಿದೆ, ನಿಂತಿತು. ಕಡಲ ಗಾಳಿಯ ಉಪ್ಪಿಗೆ ಸ್ಟೀಲೂ ಕಂದು ಕಲೆ ಹಿಡಿಯುವುದರಿಂದ ತಿಂಗಳಿಗೊಮ್ಮೆ ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ.

ಆ ಕಿಟಕಿಯ ಅಂಚಿನ ಸುತ್ತ ಸಂದು ಮುಚ್ಚುವ ರಬ್ಬರ್ ಪಟ್ಟಿ ಇದೆ. ಅದಕ್ಕೆ ಎಷ್ಟು ಒತ್ತಡ ಬೀಳುತ್ತದೆ ಎಂದು ನೋಡಲು ಕಾಗದದ ಪಟ್ಟಿ ಸಾಕು. ಸಂದಿನಲ್ಲಿಟ್ಟು ಮುಚ್ಚಿ ಎಳೆದಾಗ ಸಲೀಸಾಗಿ ಬಂದರೆ ಅಲ್ಲಿ ಸಡಿಲ. ಲಾಕಿನ ಪಟ್ಟಿಯಲ್ಲಿ ಅಣಬೆಯ ತಲೆಯಂಥ ಗುಬುಟುಗಳಿವೆ. ಅವು ನಡುಮಧ್ಯದ ಅಚ್ಚಿನ ಮೇಲೆ ಕೂತಿಲ್ಲವಾದ್ದರಿಂದ 4 ಮಿ.ಮೀ. ಅಲೆನ್ ಕೀಯಲ್ಲಿ (ಆರು ಮುಖದ ಬಾಗಿದ ಕೀಲಿಕಡ್ಡಿ) ತಿರುಗಿಸಿದರೆ ಒತ್ತಡ ಹೆಚ್ಚು ಕಡಿಮೆ ಆಗುತ್ತದೆ. ಯುರೋಪಿನಲ್ಲಿ ಚಳಿಗಾಲಕ್ಕೆ ಬಿಗಿ, ಬೇಸಿಗೆಗೆ ಸಡಿಲ ಮಾಡುತ್ತಾರಂತೆ. ನಾನು ಮಳೆಗಾಲಕ್ಕೆ ಮುಂಚೆ ಬಿಗಿ ಮಾಡಿ, ದೀಪಾವಳಿ ಕಳೆದ ಮೇಲೆ ಸಡಿಲಿಸುತ್ತೇನೆ. ವರ್ಷವಿಡೀ ಬಿಗಿಯಾಗಿದ್ದರೆ ರಬ್ಬರ್ ಚಪ್ಪಟೆಯಾಗಿ ಮತ್ತೆ ಏಳುವುದಿಲ್ಲ. ಆ ರಬ್ಬರಿಗೆ ಮೋಟಾರು ಎಣ್ಣೆ, ಗ್ರೀಸ್ ಸೋಕಿಸಬಾರದು, ಊದಿಕೊಳ್ಳುತ್ತದೆ.

ಅಡುಗೆಮನೆಯ ಕಿಟಕಿಯ ಒಂದು ರೋಲರ್ ಮಾತ್ರ ತೊಳೆದರೂ ಸರಿಹೋಗಲಿಲ್ಲ. ಬೇರಿಂಗ್ ತುಕ್ಕು ಹಿಡಿದು ಚಕ್ರ ಒಂದು ಕಡೆ ಸವೆದಿದೆ. ಅಂಗಡಿಯಲ್ಲಿ ಬರೇ “ರೋಲರ್ ಕೊಡಿ” ಎಂದರೆ ಹತ್ತು ಬಗೆ ತೋರಿಸುತ್ತಾರೆ, ಎತ್ತರ ಒಂದು ಮಿಲಿಮೀಟರ್ ತಪ್ಪಿದರೂ ಕೂರುವುದಿಲ್ಲ. ಹಳೆಯದನ್ನು ಬಿಚ್ಚಿ ಕಾಗದದಲ್ಲಿ ಸುತ್ತಿ ಸ್ಕೂಟರಿನ ಡಿಕ್ಕಿಯಲ್ಲಿಟ್ಟಿದ್ದೇನೆ. ಜೋಡಿಯಾಗಿಯೇ ತರಬೇಕು, ಒಂದು ಹೊಸತು ಒಂದು ಹಳತು ಹಾಕಿದರೆ ಶಟರ್ ಮತ್ತೆ ವಾಲುತ್ತದೆ.